ವಸಂತದ ಮೊದಲ ನಡಿಗೆ, ಬೇಲಿಯೊಳಗಿನ ಬೆಟ್ಟ

ನಮ್ಮಲ್ಲಿ ಬೆಟ್ಟ ಹತ್ತುವವರಿಗೆ ಚಳಿಗಾಲವೇ ಸುಗ್ಗಿ. ಮಳೆ ನಿಂತು, ಜಿಗಣೆಯ ಕಾಟ ತಗ್ಗಿ, ಹುಲ್ಲು ಇನ್ನೂ ಹಸಿರಾಗಿರುವಾಗಲೇ ಚಾರಣಿಗರು ಹೊರಡುತ್ತಾರೆ. ಯುಗಾದಿಯ ಹೊತ್ತಿಗೆ ಬಿಸಿಲೇರಿ ಅವರ ಉತ್ಸಾಹ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಚಳಿಗಾಲವೆಂದರೆ ಮನೆಯೊಳಗೆ ಮುದುಡಿ ಕೂರುವ ಕಾಲ. ವಸಂತ ಬಂತೆಂದರೆ ಬೂಟಿಗೆ ಎಣ್ಣೆ ಹಚ್ಚುವ ಕಾಲ. ವರ್ಷದ ಮೊದಲ ನಡಿಗೆ ಅಲ್ಲಿನವರಿಗೆ ಒಂದು ಸಣ್ಣ ಹಬ್ಬವೇ ಸರಿ. ಆದರೆ ಈ ಹಬ್ಬದ ಹೆಸರಿನಲ್ಲಿ ಒಮ್ಮೆ ಐವರು ಯುವಕರು ಜೈಲಿಗೆ ಹೋದರೆಂಬ ಸಂಗತಿ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ನಡೆದದ್ದು 1932ರ ಏಪ್ರಿಲ್ 24ರಂದು, ಮ್ಯಾಂಚೆಸ್ಟರ್ ನಗರದ ಪೂರ್ವಕ್ಕಿರುವ ಕಿಂಡರ್ ಸ್ಕೌಟ್ ಎಂಬ ಬೆಟ್ಟದಲ್ಲಿ.

ಆ ದಿನದ ಕಥೆಗೆ ಮೊದಲು ಅಲ್ಲಿನ ಚಳಿಗಾಲವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಬೆಳಕು ಹರಿಯುವುದು ಎಂಟು ಗಂಟೆಯ ಮೇಲೆ. ಮಧ್ಯಾಹ್ನ ನಾಲ್ಕಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಗಿರಣಿಯ ಕೆಲಸಗಾರ ಕತ್ತಲಲ್ಲಿ ಒಳಹೋಗಿ ಕತ್ತಲಲ್ಲೇ ಹೊರಬರುತ್ತಿದ್ದ. 1850ರ ಕಾರ್ಖಾನೆ ಕಾಯ್ದೆ ಹೆಂಗಸರಿಗೂ ಎಳೆಯರಿಗೂ ಶನಿವಾರ ಎರಡು ಗಂಟೆಗೆ ಕೆಲಸ ಮುಗಿಯಬೇಕೆಂದು ವಿಧಿಸಿತು. ಕ್ರಮೇಣ ಅದೇ ಎಲ್ಲರಿಗೂ ರೂಢಿಯಾಯಿತು. ಆದರೂ ಚಳಿಗಾಲದ ಶನಿವಾರ ಎರಡು ಗಂಟೆಗೆ ಬಿಡುಗಡೆಯಾದವನಿಗೆ ಉಳಿಯುತ್ತಿದ್ದ ಹಗಲು ಎರಡು ತಾಸಿಗೂ ಕಡಿಮೆ. ಪೂರ್ತಿ ಬೆಳಕಿನ ದಿನವೆಂದರೆ ಭಾನುವಾರ ಒಂದೇ. ಅಂದು ಬೆಟ್ಟದ ಮೇಲೆ ಹಿಮ, ಮಂಜು, ಮೊಣಕಾಲುದ್ದದ ಕೆಸರು. ಗಟ್ಟಿಗರು ಆಗಲೂ ಹೋಗುತ್ತಿದ್ದರು, ಉಳಿದವರು ಕಾಯುತ್ತಿದ್ದರು.

ಕಾಯುವಿಕೆ ಮುಗಿಯುತ್ತಿದ್ದುದು ಈಸ್ಟರ್ ಹಬ್ಬಕ್ಕೆ. ಶುಭ ಶುಕ್ರವಾರ ಮೊದಲಿನಿಂದಲೂ ರಜೆ. 1871ರ ಬ್ಯಾಂಕ್ ರಜಾ ಕಾಯ್ದೆ ಈಸ್ಟರ್ ಸೋಮವಾರವನ್ನೂ ಸೇರಿಸಿತು. ವರ್ಷದಲ್ಲಿ ಮೊದಲ ಬಾರಿಗೆ ಒಟ್ಟಿಗೆ ನಾಲ್ಕು ದಿನ ಕೈಗೆ ಸಿಗುತ್ತಿದ್ದುದು ಆಗಲೇ. ಇದಕ್ಕೆ ಇನ್ನೊಂದು ಅನುಕೂಲ 1916ರಲ್ಲಿ ಸೇರಿತು: ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ. 1932ರಲ್ಲಿ ಹಾಗೆ ಗಡಿಯಾರ ಮುಂದಿಟ್ಟದ್ದು ಏಪ್ರಿಲ್ 17ರಂದು. ಎಂದರೆ ನಮ್ಮ ಕಥೆಯ ಭಾನುವಾರದ ಹೊತ್ತಿಗೆ ಸಂಜೆ ಎಂಟು ಕಳೆದರೂ ಬೆಳಕಿತ್ತು. ಬೆಟ್ಟ ಹತ್ತಿ ಇಳಿದು ರೈಲು ಹಿಡಿಯಲು ಅದು ಧಾರಾಳ ಸಮಯ.

ಮ್ಯಾಂಚೆಸ್ಟರ್ ಕನ್ನಡಿಗರಿಗೆ ತೀರ ಅಪರಿಚಿತ ಹೆಸರೇನಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಪೂರೈಕೆ ನಿಂತಾಗ ಅಲ್ಲಿನ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡದ ಹತ್ತಿಯ ಮೇಲೆ. ಆ ಹತ್ತಿಯನ್ನು ಹಡಗು ಹತ್ತಿಸಲು ಕಾರವಾರದ ಬಂದರು ಬೆಳೆಯಬೇಕೆಂದು ಅವರು ಒತ್ತಾಯಿಸಿದರು. 1862ರಲ್ಲಿ ಆ ಪ್ರದೇಶ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಒತ್ತಾಯವೂ ಇತ್ತು. ಎಪ್ಪತ್ತು ವರ್ಷಗಳ ನಂತರ ಚಕ್ರ ತಿರುಗಿತು. ಜಗತ್ತಿನ ಆರ್ಥಿಕ ಕುಸಿತದ ಜೊತೆಗೆ ಭಾರತದ ವಿದೇಶಿ ಬಟ್ಟೆ ಬಹಿಷ್ಕಾರವೂ ಸೇರಿ ಆ ಸೀಮೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ 1931ರ ಸೆಪ್ಟೆಂಬರ್ ಕೊನೆಯಲ್ಲಿ ಲ್ಯಾಂಕಷೈರಿನ ಡಾರ್ವೆನ್ ಪಟ್ಟಣಕ್ಕೆ ಹೋಗಿ ಇದೇ ಕೆಲಸಗಾರರನ್ನು ಕಂಡರು. ಗಿರಣಿ ಹೆಣ್ಣುಮಕ್ಕಳ ನಡುವೆ ನಿಂತ ಅವರ ಆ ಚಿತ್ರವನ್ನು ಅನೇಕರು ನೋಡಿರಬಹುದು. ಅದರ ಮರುವಸಂತದಲ್ಲೇ ಕಿಂಡರ್ ಪ್ರಸಂಗ ನಡೆಯಿತು. ಕೆಲಸ ಕಳೆದುಕೊಂಡವರ ಬಳಿ ಹಣವಿರಲಿಲ್ಲ, ಬೇಕಾದಷ್ಟು ಸಮಯವಿತ್ತು. ನಡೆಯಲು ಹಣ ಬೇಡವಷ್ಟೆ.

ಊರಿನಿಂದ ಹೊರಬೀಳಲು ಹೊಗೆಯೂ ಒಂದು ಕಾರಣ. 'ಆಮ್ಲ ಮಳೆ' ಎಂಬ ಪದವನ್ನು ಜಗತ್ತಿಗೆ ಕೊಟ್ಟವನೇ ಮ್ಯಾಂಚೆಸ್ಟರಿನ ರಸಾಯನ ವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್. 1872ರ ತನ್ನ ಗ್ರಂಥದಲ್ಲಿ ಆತ ಅದನ್ನು ಬಳಸಿದ. ಕಲ್ಲಿದ್ದಲ ಹೊಗೆ ಬಿಸಿಲನ್ನೇ ತಡೆದು ಇಂಥ ಊರುಗಳ ಮಕ್ಕಳಿಗೆ ಮೂಳೆ ಬಾಗುವ ರಿಕೆಟ್ಸ್ ರೋಗ ಅಂಟುತ್ತಿತ್ತು. ಇಂಥ ಊರಿಗೆ ಹದಿನೈದು–ಹದಿನಾರು ಮೈಲಿ ದೂರದಲ್ಲಿ, ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಗರಗಳ ನಡುವೆ, 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಹರಡಿಕೊಂಡಿದೆ. ಎತ್ತರದಲ್ಲಿ ನಮ್ಮ ಸಹ್ಯಾದ್ರಿಯ ಶಿಖರಗಳ ಮುಂದೆ ಇದೇನೂ ಅಲ್ಲ. ಶಿಖರವೆನ್ನುವುದಕ್ಕಿಂತ ಎತ್ತರದ ಬಯಲು ಎನ್ನುವುದೇ ಸರಿ. ಮರಗಳಿಲ್ಲ. ಕಾಲಿಟ್ಟಲ್ಲಿ ಹೂಳುವ ಪೀಟ್ ಎಂಬ ಕಪ್ಪು ಜೌಗುಮಣ್ಣು, ಅದರ ಮೇಲೆ ಹೆದರ್ ಎಂಬ ಕುರುಚಲು ಗಿಡ, ಮತ್ತು ಆಕಾಶ. ಮನೆಯ ಮುಂದೆ ಆಕಾಶವೇ ಕಾಣದವನಿಗೆ ಇಷ್ಟು ಸಾಕಲ್ಲವೆ?

ಆದರೆ ಅಲ್ಲಿಗೆ ಹೋಗುವಂತಿರಲಿಲ್ಲ. ನಮ್ಮ ಹಳ್ಳಿಗಳ ಗೋಮಾಳದಂತೆ ಇಂಗ್ಲೆಂಡಿನ ಹಳ್ಳಿಗಳಿಗೂ ಸಾಮಾನ್ಯ ಭೂಮಿ ಇತ್ತು. ದನ ಕುರಿ ಮೇಯಿಸಲು, ಸೌದೆ ತರಲು ಊರವರಿಗೆ ಹಕ್ಕಿತ್ತು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಒಂದಾದ ಮೇಲೊಂದು ಕಾಯ್ದೆ ಮಾಡಿ ಈ ನೆಲಕ್ಕೆ ಬೇಲಿ ಹಾಕಿಸಿ ಅಕ್ಕಪಕ್ಕದ ಭೂಮಾಲೀಕರಿಗೆ ಹಂಚಿತು. ಕಿಂಡರಿನ ಸುತ್ತಲ ನೆಲವೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೀಗೆಯೇ ಖಾಸಗಿಯಾಯಿತು. ಡೆವನ್‌ಷೈರಿನ ಡ್ಯೂಕ್ ಇಲ್ಲಿನ ದೊಡ್ಡ ಜಮೀನ್ದಾರ. ಬೆಳೆ ಬರದ ಈ ಜೌಗಿನಿಂದ ಅವರಿಗೇನು ಲಾಭ ಎಂದು ಕೇಳಬಹುದು. ಲಾಭ ಒಂದು ಹಕ್ಕಿಯಲ್ಲಿತ್ತು.

ಆ ಹಕ್ಕಿಯ ಹೆಸರು ಗ್ರೌಸ್. ಕೋಳಿಯ ಜಾತಿಗೆ ಸೇರಿದ, ಕಂದುಗೆಂಪು ಬಣ್ಣದ ಈ ಹಕ್ಕಿಗೆ ಹೆದರ್ ಚಿಗುರೇ ಆಹಾರ. ಅದನ್ನು ಹೊಡೆಯುವುದು ಶ್ರೀಮಂತರ ದೊಡ್ಡ ಮೋಜು. 1831ರ ಕಾಯ್ದೆಯಂತೆ ಬೇಟೆ ಶುರುವಾಗುವುದು ಆಗಸ್ಟ್ 12ರಂದು, ಮುಗಿಯುವುದು ಡಿಸೆಂಬರ್ 10ಕ್ಕೆ. ಆಗಸ್ಟಿನಲ್ಲಿ ಹಕ್ಕಿಗಳು ಹೇರಳವಾಗಿ ಏಳಬೇಕಾದರೆ ಏಪ್ರಿಲ್–ಮೇ ತಿಂಗಳಲ್ಲಿ ಅವು ನೆಮ್ಮದಿಯಾಗಿ ಕಾವು ಕೂರಬೇಕು. ಗ್ರೌಸ್ ಗೂಡು ಕಟ್ಟುವುದು ಮರದಲ್ಲಲ್ಲ, ಹೆದರ್ ಪೊದೆಯ ಬುಡದಲ್ಲಿ, ನೆಲದ ಮೇಲೆಯೇ. ಹೀಗಾಗಿ ಬೇಟೆ ಇಲ್ಲದ ಕಾಲದಲ್ಲೂ, ಅದರಲ್ಲೂ ವಸಂತದಲ್ಲಿ, ಬೆಟ್ಟದ ತುಂಬ ಕೋಲು ಹಿಡಿದ ಕಾವಲುಗಾರರು. ಈ ಇಡೀ ಪ್ರಸಂಗದ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಇತಿಹಾಸಕಾರರು ಇದನ್ನು ವರ್ಗ ಸಂಘರ್ಷವೆಂದು ಬರೆಯುತ್ತಾರೆ, ಅದು ನಿಜವೇ. ಆದರೆ ಘರ್ಷಣೆ ಏಪ್ರಿಲಿನಲ್ಲೇ ಆದದ್ದು ಆಕಸ್ಮಿಕವಲ್ಲ. ಕಾರ್ಖಾನೆಯ ಹುಡುಗನನ್ನು ಬೆಟ್ಟಕ್ಕೆ ಕರೆದ ವಸಂತವೇ ಹಕ್ಕಿಯನ್ನು ಮೊಟ್ಟೆಯಿಡಲು ಕೂರಿಸಿತ್ತು.

ಜಗಳ ಮಾತ್ರ ಹಳೆಯದು. 1876ರಲ್ಲಿಯೇ ಹೇಫೀಲ್ಡ್ ಹಳ್ಳಿಯ ಸುತ್ತಿನ ಪುರಾತನ ಕಾಲುದಾರಿಗಳ ರಕ್ಷಣೆಗೆ ಒಂದು ಸಂಘ ಹುಟ್ಟಿತ್ತು. 1894ರಲ್ಲಿ ಅದಕ್ಕಿಂತ ದೊಡ್ಡದೊಂದು ಸಂಘ ಬಂದು ಮೂರು ವರ್ಷ ಮಾತುಕತೆ ನಡೆಸಿ ಹೇಫೀಲ್ಡಿನಿಂದ ಕಿಂಡರಿನ ಮಗ್ಗುಲಲ್ಲಿ ಹಾಯುವ ಒಂದು ಕಾಲುದಾರಿಯನ್ನು ಜನರಿಗೆ ತೆರೆಸಿತು. 1884ರಲ್ಲಿ ಜೇಮ್ಸ್ ಬ್ರೈಸ್ ಎಂಬ ಸದಸ್ಯ ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಜನರಿಗೆ ತಿರುಗಾಡುವ ಹಕ್ಕು ಕೊಡುವ ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದ. ಅದು ಬಿದ್ದುಹೋಯಿತು, ಮುಂದೆ ಮತ್ತೆ ಮತ್ತೆ ಮಂಡನೆಯಾಗಿ ಮತ್ತೆ ಮತ್ತೆ ಬಿತ್ತು. 1896ರ ಸೆಪ್ಟೆಂಬರಿನಲ್ಲಿ ಬೋಲ್ಟನ್ ಊರಿನ ಜನ, ಸುಮಾರು ಹತ್ತು ಸಾವಿರ ಮಂದಿ, ಭೂಮಾಲೀಕ ಮುಚ್ಚಿದ ದಾರಿಯೊಂದರ ಗೇಟು ಮುರಿದು ವಿಂಟರ್ ಹಿಲ್ ಎಂಬ ಬೆಟ್ಟ ಹತ್ತಿದರು. ಸಂಖ್ಯೆಯಲ್ಲಿ ಇದು ಕಿಂಡರಿಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಜನರ ನೆನಪಿನಲ್ಲಿ ಉಳಿದಿರುವುದು ಕಿಂಡರ್. ಜೈಲು ಶಿಕ್ಷೆಗೆ ಅಂಥ ಶಕ್ತಿ ಇದೆ.

ಷೆಫೀಲ್ಡಿನಲ್ಲಿ ಜಿ. ಎಚ್. ಬಿ. ವಾರ್ಡ್ ಎಂಬಾತ 1900ರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹದಿನಾಲ್ಕು ಮಂದಿಯನ್ನು ಕಿಂಡರ್ ಸುತ್ತಲೂ ನಡೆಸಿದ. ಕಾರ್ಮಿಕರ ಮೊದಮೊದಲ ಚಾರಣ ಸಂಘಗಳಲ್ಲಿ ಅದೂ ಒಂದು. 1923ರಲ್ಲಿ ಇದೇ ವಾರ್ಡಿಗೆ ಕಿಂಡರಿಗೆ ಕಾಲಿಡಬಾರದೆಂದು ನ್ಯಾಯಾಲಯದ ತಡೆಯಾಜ್ಞೆ ಬಂತು. 1930ರ ಹೊತ್ತಿಗೆ ನಡೆಯುವ ಹುಚ್ಚು ಊರಿಗೆ ಊರೇ ಹಬ್ಬಿತ್ತು. ಆ ವರ್ಷ ಶುರುವಾದ ಯುವಕರ ವಸತಿ ಗೃಹಗಳಲ್ಲಿ ಒಂದು ಷಿಲಿಂಗಿಗೆ ರಾತ್ರಿ ಕಳೆಯಬಹುದಿತ್ತು. ಭಾನುವಾರದ ಅಗ್ಗದ ರೈಲು ಟಿಕೆಟು ಹಿಡಿದು ಮ್ಯಾಂಚೆಸ್ಟರೊಂದರಿಂದಲೇ ಹದಿನೈದು ಸಾವಿರ ಮಂದಿ ಹೊರಡುತ್ತಿದ್ದರೆಂದು ಅಂದಾಜು. ಇಷ್ಟು ಜನಕ್ಕೆ ತೆರೆದಿದ್ದುದು ಕೆಲವೇ ಕಾಲುದಾರಿಗಳು. ಬೆಟ್ಟಬಯಲಿನಲ್ಲಿ ನೂರಕ್ಕೆ ಒಂದು ಪಾಲೂ ಅವರದಾಗಿರಲಿಲ್ಲ. ದಾರಿ ತಪ್ಪಿದರೆ 'ಅತಿಕ್ರಮಿಸುವವರ ಮೇಲೆ ಮೊಕದ್ದಮೆ ಹೂಡಲಾಗುವುದು' ಎಂಬ ಮರದ ಫಲಕ. ವಿಚಿತ್ರವೆಂದರೆ ಇಂಗ್ಲೆಂಡಿನ ಕಾನೂನಿನಲ್ಲಿ ಬರಿಯ ಅತಿಕ್ರಮ ಪ್ರವೇಶ ಸಿವಿಲ್ ವ್ಯಾಜ್ಯವೇ ಹೊರತು ಅಪರಾಧವಲ್ಲ. ಹಾಳಾದದ್ದಕ್ಕೆ ಪರಿಹಾರ ಕೇಳಬಹುದು, ಅಷ್ಟೆ. ಆದ್ದರಿಂದ ಬಲ್ಲವರು ಆ ಫಲಕಗಳನ್ನು 'ಮರದ ಸುಳ್ಳು' ಎನ್ನುತ್ತಿದ್ದರು.

ಇನ್ನು 1932ರ ವಸಂತ. ಆ ವರ್ಷ ಈಸ್ಟರ್ ಬೇಗನೆ, ಮಾರ್ಚ್ 27ಕ್ಕೇ ಬಂದಿತ್ತು. ಕಮ್ಯುನಿಸ್ಟ್ ಪಕ್ಷದ ಪ್ರಭಾವದಲ್ಲಿದ್ದ ಬ್ರಿಟಿಷ್ ವರ್ಕರ್ಸ್ ಸ್ಪೋರ್ಟ್ಸ್ ಫೆಡರೇಷನ್ ಎಂಬ ಕಾರ್ಮಿಕ ಕ್ರೀಡಾ ಸಂಘ ಈಸ್ಟರ್ ರಜೆಗೆಂದು ರೋವಾರ್ತ್ ಎಂಬಲ್ಲಿ ಡೇರೆ ಹಾಕಿತು. ಲಂಡನ್ನಿನಿಂದ ಅತಿಥಿಗಳು ಬಂದಿದ್ದರು. ಅವರನ್ನು ಕರೆದುಕೊಂಡು ಕೆಲವರು ಕಿಂಡರಿನ ಉತ್ತರಕ್ಕಿರುವ ಬ್ಲೀಕ್‌ಲೋ ಬೆಟ್ಟಕ್ಕೆ ಹೊರಟರು. ಸ್ವಲ್ಪ ಏರುವಷ್ಟರಲ್ಲಿ ಕಾವಲುಗಾರರು ಅಡ್ಡಬಂದು, ಬೈದು ಬೆದರಿಸಿ ಹಿಂದಕ್ಕೆ ಕಳಿಸಿದರು. ಚಳಿಗಾಲವೆಲ್ಲ ಕಾದು ಹೊರಟ ಮೊದಲ ನಡಿಗೆ, ಅದೂ ಅತಿಥಿಗಳ ಎದುರಿಗೆ, ಹೀಗೆ ಮುಗಿಯಿತು. ಆ ರಾತ್ರಿ ಡೇರೆಯಲ್ಲಿ ನಡೆದ ಚರ್ಚೆಯ ಸಾರ ಇಷ್ಟು: ಆರೇಳು ಮಂದಿಯನ್ನು ತಡೆದವರು ನಲವತ್ತೈವತ್ತು ಮಂದಿ ಒಟ್ಟಿಗೆ ಹೋದರೆ ತಡೆಯಬಲ್ಲರೆ?

ಈ ಸಂಘದ ಲ್ಯಾಂಕಷೈರ್ ಕಾರ್ಯದರ್ಶಿ ಬೆನ್ನಿ ರಾಥ್‌ಮನ್. ರೊಮೇನಿಯದಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗ, ಇನ್ನೂ ಇಪ್ಪತ್ತು ವರ್ಷ. ಐದಡಿಗೆ ಸ್ವಲ್ಪವೇ ಹೆಚ್ಚಿನ ಎತ್ತರ. ಮೋಟಾರು ರಿಪೇರಿ ಕೆಲಸ ಕಲಿತಿದ್ದ, ಆಗ ನಿರುದ್ಯೋಗಿ. ಏಪ್ರಿಲ್ 24ಕ್ಕೆ ಕಿಂಡರ್ ಮೇಲೆ ಸಾಮೂಹಿಕ ಅತಿಕ್ರಮ ಎಂದು ಅವರು ಗುಟ್ಟಾಗಿ ಯೋಜಿಸಲಿಲ್ಲ. ಕರಪತ್ರ ಹಂಚಿದರು, ಪತ್ರಿಕೆಗಳಿಗೆ ಸುದ್ದಿ ಕೊಟ್ಟರು. ಪ್ರಚಾರದ ಹೊಣೆ ಹೊತ್ತವರಲ್ಲಿ ಹದಿನೇಳು ವರ್ಷದ ಜಿಮ್ಮಿ ಮಿಲ್ಲರ್ ಎಂಬ ಹುಡುಗನಿದ್ದ. ಮುಂದೆ ಇವನೇ ಯೂವನ್ ಮಕಾಲ್ ಎಂಬ ಹೆಸರಿನಲ್ಲಿ ಪ್ರಸಿದ್ಧ ಜಾನಪದ ಗಾಯಕನಾದ, ಈ ಪ್ರಸಂಗದ ಹಿನ್ನೆಲೆಯಲ್ಲಿ 'ದಿ ಮ್ಯಾಂಚೆಸ್ಟರ್ ರ‍್ಯಾಂಬ್ಲರ್' ಎಂಬ ಹಾಡು ಕಟ್ಟಿದ. ರೈಲು ನಿಲ್ದಾಣದಲ್ಲಿ ಪೊಲೀಸರು ಕಾಯುತ್ತಿರಬಹುದೆಂದು ಊಹಿಸಿ ರಾಥ್‌ಮನ್ ಗೆಳೆಯನೊಬ್ಬನ ಜೊತೆ ಸೈಕಲ್ ತುಳಿದುಕೊಂಡೇ ಹೇಫೀಲ್ಡ್ ಸೇರಿದ.

ಹೇಫೀಲ್ಡಿನ ಆಟದ ಮೈದಾನದಲ್ಲಿ ಸಭೆ ನಡೆಸಲು ಗ್ರಾಮಸಭೆಯ ನಿಯಮ ಅಡ್ಡಬಂತು. ಜನ ಮುಂದೆ ಸಾಗಿ ಬೌಡೆನ್ ಬ್ರಿಜ್ ಎಂಬಲ್ಲಿದ್ದ ಹಳೆಯ ಕಲ್ಲುಗಣಿಯಲ್ಲಿ ಸೇರಿದರು. ಭಾಷಣಕ್ಕೆ ಗೊತ್ತಾಗಿದ್ದವನು ಮಾತಾಡಲಿಲ್ಲ. ಬಂಡೆಯ ಮೇಲೆ ಹತ್ತಿ ಮಾತಾಡಿದವನು ರಾಥ್‌ಮನ್. ಎಷ್ಟು ಜನ ಸೇರಿದ್ದರು? ನಾನೂರು–ಐನೂರು ಎಂದು ಪತ್ರಿಕೆ ಬರೆಯಿತು, ಇನ್ನೂರರ ಒಳಗೆ ಎಂದರು ಪೊಲೀಸರು. ಮೆರವಣಿಗೆ ವರದಿ ಮಾಡಿ ಅಭ್ಯಾಸವಿದ್ದವರಿಗೆ ಈ ವ್ಯತ್ಯಾಸದಲ್ಲಿ ಹೊಸದೇನೂ ಇಲ್ಲ. ಹುಡುಗರು, ಹುಡುಗಿಯರು, ಚಡ್ಡಿ ತೊಟ್ಟವರು, ಮೊಳೆ ಹೊಡೆದ ಬೂಟಿನವರು, ಬೆನ್ನಚೀಲದವರು, ಹಾಡುತ್ತ ವಿಲಿಯಂ ಕ್ಲೌ ಎಂಬ ಕಣಿವೆಯ ದಾರಿ ಹಿಡಿದರು. ಅಷ್ಟು ದೂರ ಕಾನೂನಿನ ತಕರಾರಿಲ್ಲ, ಅದು ತೆರೆದ ದಾರಿ. ಸೀಟಿ ಊದಿದ ಕೂಡಲೇ ಸಾಲು ಬಲಕ್ಕೆ ತಿರುಗಿತು. ದಾರಿ ಬಿಟ್ಟು, ಕೈಕಾಲೂರಿ, ನೇರ ಕಡಿದಾದ ಇಳಿಜಾರನ್ನು ಏರತೊಡಗಿತು. ಮೇಲೆ ಕೋಲು ಹಿಡಿದ ಕಾವಲುಗಾರರು. ಅಲ್ಲಲ್ಲಿ ತಳ್ಳಾಟವಾಯಿತು, ಕೋಲುಗಳು ಬೀಸಿದವು, ಕೆಲವು ಕೋಲುಗಳನ್ನು ಕಸಿದುಕೊಂಡದ್ದೂ ಉಂಟು. ಒಬ್ಬ ಕಾವಲುಗಾರನ ಕಾಲು ಉಳುಕಿತು. ಬಹುಪಾಲು ಜನ ಯಾರ ಕೈಗೂ ಸಿಗದೆ ಮೇಲೆ ಹೋದರು. ಆಷಪ್ ಹೆಡ್ ಎಂಬಲ್ಲಿ, ಇನ್ನೊಂದು ಬದಿಯ ಈಡೇಲ್ ಕಡೆಯಿಂದ ಹತ್ತಿ ಬಂದ ಷೆಫೀಲ್ಡಿನ ಗುಂಪು ಎದುರಾಯಿತು. ಸಂಭ್ರಮ, ಚಿಕ್ಕದೊಂದು ಸಭೆ, ನಂತರ ಬಂದ ದಾರಿಯಲ್ಲೇ ವಾಪಸು. ಗಮನಿಸಬೇಕಾದ ಸಂಗತಿ, ಆಷಪ್ ಹೆಡ್ ಕಿಂಡರಿನ ತುದಿಯಲ್ಲ, ಅದಕ್ಕಿಂತ ಸಾಕಷ್ಟು ಕೆಳಗಿನ ಜಾಗ. ಇಷ್ಟೆಲ್ಲ ಹೆಸರು ಮಾಡಿದ ಈ ಚಾರಣ ಶಿಖರ ಮುಟ್ಟಲೇ ಇಲ್ಲ!

ಹೇಫೀಲ್ಡಿಗೆ ಇಳಿದಾಗ ಪೊಲೀಸರು ಕಾವಲುಗಾರರನ್ನು ಜೊತೆಗಿಟ್ಟುಕೊಂಡು ಸಾಲಿನಲ್ಲಿ ಮುಖ ಗುರುತಿಸಿ ಹಿಡಿದರು. ಒಟ್ಟು ಆರು ಮಂದಿ ಸೆರೆಯಾದರು. ಅತಿಕ್ರಮ ಅಪರಾಧವಲ್ಲವಾದ್ದರಿಂದ ಗಲಭೆಗೆ ಗುಂಪು ಕಟ್ಟಿದ್ದು, ಪ್ರಚೋದನೆ, ಹಲ್ಲೆ ಎಂಬ ಆರೋಪಗಳು ಬಂದವು. ಜುಲೈ ತಿಂಗಳಲ್ಲಿ ಡರ್ಬಿಯ ನ್ಯಾಯಾಲಯದಲ್ಲಿ ವಿಚಾರಣೆ. ಮೊಕದ್ದಮೆ ನಡೆಯಬೇಕೆ ಎಂದು ತೀರ್ಮಾನಿಸುವ ಗ್ರಾಂಡ್ ಜ್ಯೂರಿಯಲ್ಲಿ ಇಬ್ಬರು ಬ್ರಿಗೇಡಿಯರ್ ಜನರಲ್‌ಗಳು, ಮೂವರು ಕರ್ನಲ್‌ಗಳು, ಇಬ್ಬರು ಮೇಜರ್‌ಗಳು, ಮೂವರು ಕ್ಯಾಪ್ಟನ್‌ಗಳು. ಉಳಿದವರಲ್ಲಿ ಬಹುತೇಕ ಹಳ್ಳಿಗಾಡಿನ ಭೂಮಾಲೀಕರು. ಗ್ರೌಸ್ ಬೇಟೆಗೆ ಆಹ್ವಾನ ಬರುವ ವರ್ಗವೇ ಅದು. ರಾಥ್‌ಮನ್ ತನ್ನ ಪರವಾಗಿ ತಾನೇ ವಾದಿಸಿದ. ವಾರವೆಲ್ಲ ಹೊಗೆಯ ಊರಿನಲ್ಲಿ ದುಡಿಯುವವರು ಗಾಳಿ ಬೆಳಕಿಗಾಗಿ ಹೊರಗೆ ಬರುತ್ತಾರೆ, ಬಂದರೆ ಒಳ್ಳೆಯ ನೆಲವೆಲ್ಲ ಮುಚ್ಚಿರುತ್ತದೆ, ಅದೂ ವರ್ಷದಲ್ಲಿ ಕೆಲವೇ ದಿನ ಬೇಟೆಯಾಡುವವರಿಗಾಗಿ ಎಂಬುದು ಅವನ ವಾದದ ಸಾರ. ಒಬ್ಬ ಖುಲಾಸೆಯಾದ. ಐವರಿಗೆ ಎರಡರಿಂದ ಆರು ತಿಂಗಳ ಸಜೆ. ರಾಥ್‌ಮನ್ನನಿಗೆ ನಾಲ್ಕು ತಿಂಗಳು.

ಚಾರಣಿಗರೆಲ್ಲ ಇವರ ಬೆನ್ನಿಗೆ ನಿಂತರೆಂದು ತಿಳಿಯಬಾರದು. ಮ್ಯಾಂಚೆಸ್ಟರಿನ ಅಧಿಕೃತ ಚಾರಣ ಒಕ್ಕೂಟ ಈ ಅತಿಕ್ರಮವನ್ನು ವಿರೋಧಿಸಿತ್ತು. ವರ್ಷಗಟ್ಟಲೆ ಮಾತುಕತೆಯಿಂದ ಒಂದೊಂದೇ ಕಾಲುದಾರಿ ಬಿಡಿಸಿಕೊಂಡವರಿಗೆ ಈ ಹುಡುಗರು ಎಲ್ಲವನ್ನೂ ಕೆಡಿಸಿದರೆಂಬ ಸಿಟ್ಟು. ಚಾರಣಿಗರ ಚಳವಳಿಯ ಹಿರಿಯ ಟಾಮ್ ಸ್ಟೀವನ್ಸನ್ ಕೊನೆಯವರೆಗೂ, ಕಾನೂನು ಬಂದದ್ದು ಕಿಂಡರಿನಿಂದಲ್ಲ ಎಂದೇ ನಂಬಿದ್ದರು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬಂಧನವಾದ ಕೆಲವು ವಾರಗಳಲ್ಲೇ ವಿನ್ನಾಟ್ಸ್ ಕಣಿವೆಯಲ್ಲಿ ನಡೆದ ಒಕ್ಕೂಟದ ವಾರ್ಷಿಕ ಸಭೆಗೆ ಹತ್ತು ಸಾವಿರ ಜನ ಬಂದರು ಎಂಬುದೂ ದಾಖಲಾದ ಸಂಗತಿ. ಹಿರಿಯರು ಅರ್ಜಿ ಬರೆದು ಗಳಿಸಿದ್ದರ ಹಿಂದೆ ಕಿರಿಯರ ಸೆರೆವಾಸದ ಬಿಸಿಯೂ ಇತ್ತೆಂದರೆ ಇಬ್ಬರಿಗೂ ಅನ್ಯಾಯವಾಗದು.

1939ರಲ್ಲಿ ಬಂದ ಬೆಟ್ಟ ಪ್ರವೇಶ ಕಾಯ್ದೆ ಹೆಸರಿಗಷ್ಟೇ ಪ್ರವೇಶದ್ದು. ಕೆಲವು ಸಂದರ್ಭಗಳಲ್ಲಿ ಅತಿಕ್ರಮವನ್ನು ಅಪರಾಧವಾಗಿಸಿ ಚಾರಣಿಗರನ್ನೇ ಬೆಚ್ಚಿಬೀಳಿಸಿತು. ಯುದ್ಧ ಮುಗಿದ ಮೇಲೆ ಲೇಬರ್ ಸರ್ಕಾರ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ತಂದಿತು. 1951ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದದ್ದು ಕಿಂಡರ್ ಇರುವ ಪೀಕ್ ಡಿಸ್ಟ್ರಿಕ್ಟ್. ಆ ದಶಕದಲ್ಲೇ ಒಪ್ಪಂದದ ಮೂಲಕ ಕಿಂಡರ್ ತೆರೆಯಿತು. ಸ್ಟೀವನ್ಸನ್ 1935ರಲ್ಲಿ ಪತ್ರಿಕೆಯೊಂದರಲ್ಲಿ ಸೂಚಿಸಿದ್ದ ದೂರದ ಕಾಲುದಾರಿ 'ಪೆನೈನ್ ವೇ' ಸುಮಾರು 430 ಕಿಲೋಮೀಟರ್ ಉದ್ದ, ಈಡೇಲಿನಿಂದಲೇ ಹೊರಡುತ್ತದೆ. ಅದರ ಉದ್ಘಾಟನೆಯಾದದ್ದು 1965ರ ಏಪ್ರಿಲ್ 24ರಂದು. ಕಿಂಡರನ್ನು ದೊಡ್ಡದೆಂದು ಒಪ್ಪದವರ ದಾರಿಗೂ ಕಿಂಡರಿನ ತಾರೀಖೇ ಬಂತು. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಬೆಟ್ಟವನ್ನು ಕೊಂಡಿತು. ಅದೇ ವರ್ಷ, ಐವತ್ತನೆಯ ವಾರ್ಷಿಕದಂದು, ಕಲ್ಲುಗಣಿಯ ಗೋಡೆಗೆ ನೆನಪಿನ ಫಲಕ ಬಂತು. ಕೊನೆಗೆ 2000ದ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕನ್ನೇ ಕೊಟ್ಟಿತು. ಆದರೂ ಇಂಗ್ಲೆಂಡಿನ ನೆಲದಲ್ಲಿ ಈ ಹಕ್ಕು ಅನ್ವಯಿಸುವುದು ನೂರಕ್ಕೆ ಸುಮಾರು ಎಂಟು ಪಾಲಿಗೆ ಮಾತ್ರ.

2002ರ ಏಪ್ರಿಲಿನಲ್ಲಿ, ಎಪ್ಪತ್ತನೆಯ ವಾರ್ಷಿಕದ ಸಭೆಗೆ ಡೆವನ್‌ಷೈರಿನ ಹನ್ನೊಂದನೆಯ ಡ್ಯೂಕ್ ಬಂದರು. ತಮ್ಮ ತಾತನ ಕಾಲದಲ್ಲಿ ಆದದ್ದು ದೊಡ್ಡ ತಪ್ಪು ಎಂದು ನೆರೆದವರ ಮುಂದೆ ಕ್ಷಮೆ ಕೇಳಿದರು. ಕೇಳಬೇಕಾಗಿದ್ದ ರಾಥ್‌ಮನ್ ಅಲ್ಲಿರಲಿಲ್ಲ. ಮೂರು ತಿಂಗಳ ಹಿಂದೆ, ಜನವರಿಯಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ಬೆಟ್ಟದ ಪಾಡು ಬೇರೆಯೇ. ಕೆಲಸಗಾರರನ್ನು ತಡೆದ ಕಾವಲುಗಾರರಿಗೆ ಕಾರ್ಖಾನೆಯ ಹೊಗೆಯನ್ನು ತಡೆಯಲಾಗಲಿಲ್ಲ. ಒಂದೂವರೆ ಶತಮಾನ ಗಾಳಿಯಲ್ಲಿ ತೇಲಿ ಬಂದ ಆಮ್ಲ, ಜೌಗನ್ನು ಹಿಡಿದಿಡುವ ಸ್ಫ್ಯಾಗ್ನಮ್ ಎಂಬ ಪಾಚಿಯನ್ನು ಕೊಂದಿತು; ಪೀಟ್ ಬರಿದಾಗಿ ಕೊಚ್ಚಿಹೋಗತೊಡಗಿತು. ಕಿಂಡರ್ 2009ರಲ್ಲಿ ರಾಷ್ಟ್ರೀಯ ನಿಸರ್ಗಧಾಮವಾಯಿತು. ಅಲ್ಲಿ ಹಳ್ಳಗಳಿಗೆ ಒಡ್ಡು ಕಟ್ಟಿ, ಕೈಯಾರೆ ಪಾಚಿ ನೆಟ್ಟು ಬೆಟ್ಟವನ್ನು ಮತ್ತೆ ಒದ್ದೆ ಮಾಡುವ ಕೆಲಸ ನಡೆದಿದೆ. ಮೊದಲ ನಡಿಗೆಗೆಂದು ವಸಂತದಲ್ಲಿ ಹೇಫೀಲ್ಡಿನಿಂದ ಹೊರಡುವವರನ್ನು ಈಗ ಯಾರೂ ಹಿಂದಕ್ಕೆ ಅಟ್ಟುವುದಿಲ್ಲ. ಆದರೆ 2000ದ ಕಾಯ್ದೆಯಲ್ಲೇ ಒಂದು ಷರತ್ತು ಇದೆ. ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಗಳು ಕಾವು ಕೂತು ಮರಿ ಮಾಡುವ ಕಾಲದಲ್ಲಿ, ಇಂಥ ನೆಲದ ಮೇಲೆ ನಾಯಿಯನ್ನು ಬಿಟ್ಟುಕೊಂಡು ನಡೆಯುವಂತಿಲ್ಲ; ಅದರ ಹಗ್ಗ ಎರಡು ಮೀಟರಿಗಿಂತ ಉದ್ದವಿರಬಾರದು.